ಹವಳಕ್ಕೆ ಎಷ್ಟು ಬೆಳಕು ಸಾಕು?

ಕಡಲು ಬಿಸಿಯಾದರೆ ಹವಳ ಬಿಳಿಚಿಕೊಳ್ಳುತ್ತದೆ ಎಂಬುದು ಈಗ ಪತ್ರಿಕೆ ಓದುವ ಬಹುಪಾಲು ಮಂದಿಗೆ ಗೊತ್ತು. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳದ ದಿಬ್ಬಗಳು ಹೀಗೆ ಬೆಳ್ಳಗಾದವು. ಜಗತ್ತಿನ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ಆದರೆ ಅಂಥ ಬೇಸಿಗೆಗಳಲ್ಲಿ ನೀರಿಗಿಳಿದು ನೋಡಿದವರು ಮತ್ತೆ ಮತ್ತೆ ಕಂಡ ಒಂದು ಸಂಗತಿ ಸುದ್ದಿಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಒಂದೇ ಹವಳದ ಗಡ್ಡೆಯಲ್ಲಿ ಬಿಸಿಲಿಗೆ ಮುಖ ಮಾಡಿದ ನೆತ್ತಿ ಪೂರ್ತಿ ಬೆಳ್ಳಗಾಗಿರುತ್ತದೆ. ನೆರಳಿನಲ್ಲಿರುವ ಪಕ್ಕೆ ಮತ್ತು ಅಡಿಭಾಗ ಮಾತ್ರ ಎಂದಿನ ಕಂದುಬಣ್ಣ ಉಳಿಸಿಕೊಂಡಿರುತ್ತವೆ. ನೆತ್ತಿಯನ್ನೂ ಅಡಿಯನ್ನೂ ಸುತ್ತಿರುವುದು ಒಂದೇ ನೀರು, ಒಂದೇ ಬಿಸಿ. ಬಿಸಿಯೊಂದೇ ಕಾರಣವಾಗಿದ್ದರೆ ಇಡೀ ಗಡ್ಡೆ ಬಿಳಿಚಬೇಕಿತ್ತಲ್ಲವೇ?

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಹವಳ ಸಾಕುವವರು ಇದೇ ಒಗಟನ್ನು ಇನ್ನೊಂದು ದಿಕ್ಕಿನಿಂದ ಕಂಡಿರುತ್ತಾರೆ. ತೊಟ್ಟಿಯ ನೀರು ವರ್ಷವಿಡೀ 25–26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದೆ. ಉಪ್ಪಿನ ಅಂಶ, ಸುಣ್ಣದ ಅಂಶ ಎಲ್ಲ ಸರಿಯಿದೆ. ತಳದ ಮರಳಿನ ಮೇಲೆ ಚೆನ್ನಾಗಿದ್ದ ಹವಳವೊಂದನ್ನು ಎತ್ತಿ ಗೇಣುದ್ದ ಮೇಲಿನ ಕಲ್ಲಿಗೆ ಅಂಟಿಸುತ್ತಾರೆ. ಕೆಲವೇ ದಿನಗಳಲ್ಲಿ ಅದು ಬಣ್ಣ ಕಳೆದುಕೊಳ್ಳುತ್ತದೆ. ನೀರಿನ ಬಿಸಿ ಒಂದು ಡಿಗ್ರಿಯೂ ಏರಿಲ್ಲ.

ಕಡಲಿನ ನೆತ್ತಿಗೂ ತೊಟ್ಟಿಯ ಈ ಹವಳಕ್ಕೂ ಆಗಿರುವುದು ಒಂದೇ ಕಾಯಿಲೆ. ಆ ಕಾಯಿಲೆ ಹೇಗೆ ಬರುತ್ತದೆಂದು ತಿಳಿದರೆ ತೊಟ್ಟಿಯಲ್ಲಿ ಯಾವ ಹವಳವನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಪ್ರಾಣಿಯ ಒಡಲಲ್ಲಿ ಪಾಚಿ

ಹವಳ ಗಿಡವಲ್ಲ, ಕಲ್ಲೂ ಅಲ್ಲ. ಜೆಲ್ಲಿ ಮೀನಿನ ಬಳಗಕ್ಕೆ ಸೇರಿದ ಪ್ರಾಣಿ. ಪಾಲಿಪ್ ಎಂದು ಕರೆಯುವ ಪುಟ್ಟ ಪುಟ್ಟ ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಅಂಟಿ ಬೆಳೆದು, ತಮ್ಮ ಅಡಿಯಲ್ಲಿ ಸುಣ್ಣಕಲ್ಲಿನ ಗೂಡು ಕಟ್ಟುತ್ತ ಹೋಗುತ್ತವೆ. ಪಾಲಿಪ್‌ಗೆ ಒಂದು ಬಾಯಿ, ಅದರ ಸುತ್ತ ಬೇಟೆಯನ್ನು ಕುಟುಕಿ ಹಿಡಿಯುವ ಗ್ರಹಣಾಂಗಗಳು, ಒಳಗೊಂದು ಜೀರ್ಣಚೀಲ ಇರುತ್ತವೆ. ಆ ಚೀಲದ ಒಳಪದರದ ಜೀವಕೋಶಗಳೊಳಗೆ ಏಕಕೋಶದ ಪಾಚಿಗಳು ಬಿಡಾರ ಹೂಡಿವೆ. ವಿಜ್ಞಾನಿಗಳು ಝೂಕ್ಸಾಂತೆಲ್ಲೆ ಎನ್ನುವ ಇವನ್ನು ನಾವಿಲ್ಲಿ ಒಳಪಾಚಿ ಎನ್ನೋಣ. ಒಂದು ಚದರ ಸೆಂಟಿಮೀಟರ್ ಹವಳದ ಮೈಯಲ್ಲಿ ಇವುಗಳ ಸಂಖ್ಯೆ ಹತ್ತು ಲಕ್ಷದ ಆಸುಪಾಸಿನಲ್ಲಿರುತ್ತದೆ. ಹವಳಕ್ಕೆ ಆ ಕಂದುಬಣ್ಣ ಬಂದಿರುವುದು ಇವುಗಳಿಂದಲೇ.

ಒಳಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸಿ ಮನೆಯೊಡೆಯನಿಗೂ ಕೊಡುತ್ತದೆಯೆಂಬ ಊಹೆ ಹಳೆಯದು. ಅದಕ್ಕೆ ನೇರ ಸಾಕ್ಷಿ ಸಿಕ್ಕಿದ್ದು 1958ರಲ್ಲಿ. ಅಮೆರಿಕದ ಲೆನರ್ಡ್ ಮಸ್ಕಟೈನ್ ಮತ್ತು ಕ್ಯಾಡೆಟ್ ಹ್ಯಾಂಡ್ ಅವರು ಹವಳದ ನೆಂಟನಾದ ಕಡಲ ಅನಿಮೋನೆಯೊಂದಕ್ಕೆ ವಿಕಿರಣ ಸೂಸುವ ಇಂಗಾಲ-14 ಉಣಿಸಿ ಬೆಳಕಿನಲ್ಲಿಟ್ಟರು. ಪಾಚಿ ಹೀರಿಕೊಂಡ ಇಂಗಾಲ ಆಮೇಲೆ ಪ್ರಾಣಿಯ ಮಾಂಸದಲ್ಲಿ ಪತ್ತೆಯಾಯಿತು. ಒಳ್ಳೆಯ ಬೆಳಕಿನಲ್ಲಿರುವ ಹವಳಕ್ಕೆ ಅದರ ಒಳಪಾಚಿ ತಾನು ತಯಾರಿಸಿದ ಆಹಾರದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನೂ ಬಿಟ್ಟುಕೊಡಬಲ್ಲದು. ಬದಲಿಗೆ ಅದಕ್ಕೆ ಸಿಗುವುದು ಸೂರು, ಹವಳ ಉಸಿರುಬಿಟ್ಟ ಇಂಗಾಲದ ಡೈಆಕ್ಸೈಡ್, ಹವಳದ ತ್ಯಾಜ್ಯದಲ್ಲಿರುವ ಸಾರಜನಕ ಮತ್ತು ರಂಜಕ. ಹವಳ ಗೂಡು ಕಟ್ಟುವ ವೇಗವೂ ಬೆಳಕನ್ನೇ ನೆಚ್ಚಿಕೊಂಡಿದೆ. ಜಮೈಕಾದಲ್ಲಿ ಕೆಲಸ ಮಾಡಿದ ಥಾಮಸ್ ಗೋರೋ, ಕತ್ತಲಿಗಿಂತ ಬೆಳಕಿನಲ್ಲಿ ಹವಳ ಬಲು ಬೇಗ ಸುಣ್ಣ ಕಟ್ಟುತ್ತದೆಂದು 1959ರಲ್ಲಿ ತೋರಿಸಿಕೊಟ್ಟರು.

ಹಾಗಾದರೆ ಬೆಳಕು ಹೆಚ್ಚಾದಷ್ಟೂ ಒಳ್ಳೆಯದೇ ಆಗಬೇಕಲ್ಲ?

ಆಲೆಮನೆಯ ಲೆಕ್ಕ

ಮಂಡ್ಯದ ಕಡೆಯ ಆಲೆಮನೆಯೊಂದನ್ನು ನೆನಪಿಗೆ ತಂದುಕೊಳ್ಳಿ. ಒಂದು ಕಡೆ ಗಾಣ ಕಬ್ಬು ಅರೆದು ಹಾಲು ತೆಗೆಯುತ್ತದೆ. ಇನ್ನೊಂದು ಕಡೆ ಒಲೆಯ ಮೇಲಿನ ಕೊಪ್ಪರಿಗೆಯಲ್ಲಿ ಆ ಹಾಲು ಕುದಿದು ಬೆಲ್ಲವಾಗುತ್ತದೆ. ಒಳಪಾಚಿಯೊಳಗೂ ಎರಡು ಕೆಲಸ ಹೀಗೆಯೇ ಒಂದರ ಹಿಂದೊಂದು ನಡೆಯುತ್ತವೆ. ಬೆಳಕು ಬಿದ್ದಾಗ ಪಾಚಿಯ ವರ್ಣಕಗಳು ನೀರಿನಿಂದ ಎಲೆಕ್ಟ್ರಾನ್‌ಗಳನ್ನು ಹಿಂಡಿ ತೆಗೆಯುತ್ತವೆ, ಅದು ಗಾಣ. ಶಕ್ತಿ ತುಂಬಿದ ಆ ಎಲೆಕ್ಟ್ರಾನ್‌ಗಳೇ ಕಬ್ಬಿನ ಹಾಲು. ಅವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುವ ಕಿಣ್ವಗಳ ಸಾಲು ಕೊಪ್ಪರಿಗೆ.

ಬೆಳಕು ಕಡಿಮೆಯಿದ್ದಾಗ ಲೆಕ್ಕ ಸರಳ. ಕಬ್ಬು ಎಷ್ಟು ಬಂತೋ ಅಷ್ಟು ಬೆಲ್ಲ. ಬೆಳಕು ಇಮ್ಮಡಿಯಾದರೆ ಸಕ್ಕರೆಯೂ ಇಮ್ಮಡಿ. ಆದರೆ ಕೊಪ್ಪರಿಗೆಗೊಂದು ಅಳತೆಯಿದೆ. ಒಂದು ಹಂತ ಮುಟ್ಟಿದ ಮೇಲೆ ಎಷ್ಟೇ ಕಬ್ಬು ತಂದು ಸುರಿದರೂ ಬೆಲ್ಲ ಹೆಚ್ಚುವುದಿಲ್ಲ. ಆಲೆಮನೆಯವರು ಆಗ ಗಾಣ ನಿಲ್ಲಿಸಿಬಿಡುತ್ತಾರೆ. ಪಾಚಿಗೆ ಆ ಅನುಕೂಲವಿಲ್ಲ. ನೆತ್ತಿಯ ಮೇಲೆ ಬೆಳಕು ಬೀಳುತ್ತಿರುವಷ್ಟು ಹೊತ್ತು ಅದರ ಗಾಣ ತಿರುಗುತ್ತಲೇ ಇರಬೇಕು.

ಮಿಕ್ಕ ಹಾಲು ಹುಳಿಯುತ್ತದೆ. ಕೊಪ್ಪರಿಗೆಯಲ್ಲಿ ಜಾಗ ಸಿಗದ ಎಲೆಕ್ಟ್ರಾನ್‌ಗಳು ಪಕ್ಕದಲ್ಲೇ ಇರುವ ಆಮ್ಲಜನಕಕ್ಕೆ ಅಂಟಿಕೊಂಡು ಸೂಪರ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉಗ್ರ ಪದಾರ್ಥಗಳಾಗುತ್ತವೆ. ಅವು ಕೈಗೆ ಸಿಕ್ಕ ಪ್ರೋಟೀನು, ಪೊರೆ ಎಲ್ಲವನ್ನೂ ಹರಿದುಹಾಕುತ್ತವೆ. ಪಾಚಿ ಇದಕ್ಕೆ ತಕ್ಕ ಮುನ್ನೆಚ್ಚರಿಕೆಯನ್ನೂ ಮಾಡಿಕೊಂಡಿದೆ. ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಬಳಸದೆಯೇ ಶಾಖವಾಗಿ ಹೊರಗೆಸೆಯುತ್ತದೆ. ಗಾಣದ ಬಹುಬೇಗ ಸವೆಯುವ ಬಿಡಿಭಾಗವೆಂದರೆ ಡಿ1 ಎಂಬ ಪ್ರೋಟೀನು. ಅದನ್ನು ಹಗಲಿಡೀ ಕಿತ್ತು ಹೊಸದನ್ನು ಜೋಡಿಸುತ್ತಿರುತ್ತದೆ. ರಿಪೇರಿಯ ವೇಗವನ್ನು ಸವೆತದ ವೇಗ ಮೀರಿದ ದಿನ ಪೆರಾಕ್ಸೈಡ್ ಹವಳದ ಜೀವಕೋಶಕ್ಕೂ ಸೋರುತ್ತದೆ. ಅಲ್ಲಿಗೆ ಸಂಬಂಧ ಮುರಿಯಿತು. ಹವಳ ತನ್ನ ಒಳಪಾಚಿಯನ್ನು ಹೊರದಬ್ಬತೊಡಗುತ್ತದೆ. ಪಾಚಿ ಹೋದ ಮೇಲೆ ಉಳಿಯುವ ಮಾಂಸ ಗಾಜಿನಂತೆ ಪಾರದರ್ಶಕ. ಅದರಡಿಯ ಸುಣ್ಣದ ಗೂಡು ಬೆಳ್ಳಗೆ ಕಾಣಿಸುತ್ತದೆ. ಬಿಳಿಚುವುದೆಂದರೆ ಇದೇ.

ಈಗ ಬಿಸಿಯ ಪಾತ್ರ ತಿಳಿಯಾಗುತ್ತದೆ. ಎಂದಿನ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಸಾಕು, ಸಕ್ಕರೆ ಕಟ್ಟುವ ಕಿಣ್ವಗಳೂ ಡಿ1 ರಿಪೇರಿಯೂ ಮಂದವಾಗುತ್ತವೆ. ಕೊಪ್ಪರಿಗೆಗೆ ತೂತು ಬಿದ್ದಂತಾಯಿತು. ನಿನ್ನೆಯವರೆಗೆ ಹಿತವಾಗಿದ್ದ ಅದೇ ಬಿಸಿಲು ಇಂದು ಅತಿಯಾಗುತ್ತದೆ. ನೆತ್ತಿಗೆ ಬರುವ ಕಬ್ಬಿನ ರಾಶಿ ದೊಡ್ಡದು, ಅದು ಹುಳಿಯಿತು. ಅಡಿಭಾಗಕ್ಕೆ ಬರುವುದು ನಾಲ್ಕು ಜಲ್ಲೆ, ಒಡಕು ಕೊಪ್ಪರಿಗೆಯಲ್ಲೂ ಅದು ಬೆಂದುಹೋಗುತ್ತದೆ. ತೊಟ್ಟಿಯಲ್ಲಿ ಗೇಣು ಮೇಲೇರಿದ ಹವಳದ ಕೊಪ್ಪರಿಗೆ ಗಟ್ಟಿಯಾಗಿಯೇ ಇತ್ತು; ಅಲ್ಲಿ ಕಬ್ಬಿನ ಗಾಡಿಗಳೇ ಒಮ್ಮೆಗೇ ಹೆಚ್ಚಾದವು.

ಹಾಗಾಗಿ ಪ್ರತಿ ಹವಳಕ್ಕೂ ಎರಡು ಗೆರೆಗಳಿವೆ. ಕೆಳಗಿನದನ್ನು ಸಮಗೆರೆ ಎನ್ನೋಣ. ಪಾಚಿ ತಯಾರಿಸುವ ಆಹಾರ, ಹವಳ ಮತ್ತು ಪಾಚಿ ಸೇರಿ ಉಸಿರಾಟಕ್ಕೆ ಸುಡುವ ಆಹಾರಕ್ಕೆ ಸರಿಹೋಗುವ ಬೆಳಕಿನ ಮಟ್ಟವದು. ಅದರ ಕೆಳಗಿದ್ದರೆ ಹವಳ ತಿಂಗಳುಗಟ್ಟಲೆ ಸೊರಗುತ್ತ ಹೋಗುತ್ತದೆ. ಮೇಲಿನದು ತುಂಬುಗೆರೆ, ಕೊಪ್ಪರಿಗೆ ಭರ್ತಿಯಾಗುವ ಮಟ್ಟ. ಹವಳಕ್ಕೆ ತೊಟ್ಟಿಯಲ್ಲಿ ಜಾಗ ಹುಡುಕುವುದೆಂದರೆ ಸಮಗೆರೆಗಿಂತ ಸಾಕಷ್ಟು ಮೇಲೆ, ತುಂಬುಗೆರೆಯನ್ನು ಬಹಳ ಹೊತ್ತು ದಾಟದ ಹಾಗೆ ಒಂದು ನೆಲೆ ಹುಡುಕುವುದು. ಕೆಳಗೆ ತಪ್ಪಿದರೆ ತಿದ್ದಿಕೊಳ್ಳಲು ವಾರಗಳು ಸಿಗುತ್ತವೆ, ಮೇಲೆ ತಪ್ಪಿದರೆ ದಿನಗಳು ಮಾತ್ರ. ಅನುಮಾನವಿದ್ದಾಗ ಕೆಳಗಿನಿಂದ ಶುರುಮಾಡಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಕಣ್ಣಿನ ಅಂದಾಜು ಸಾಲದು

ಬೆಳಕು ಎಷ್ಟಿದೆಯೆಂದು ತಿಳಿಯಲು ನಮ್ಮ ಕಣ್ಣನ್ನು ನೆಚ್ಚುವಂತಿಲ್ಲ. ನಟ್ಟನಡು ಮಧ್ಯಾಹ್ನದ ಅಂಗಳದಿಂದ ನಡುಮನೆಗೆ ಬಂದರೆ ಬೆಳಕು ನೂರು ಪಾಲು ಕುಗ್ಗಿರುತ್ತದೆ, ಆದರೂ ಎರಡು ನಿಮಿಷದಲ್ಲಿ ಕಣ್ಣು ಹೊಂದಿಕೊಂಡು ಪತ್ರಿಕೆ ಓದತೊಡಗುತ್ತೇವೆ. ತೊಟ್ಟಿಯ ಮೇಲ್ಕಲ್ಲಿಗೂ ತಳಕ್ಕೂ ಮೂರು ನಾಲ್ಕು ಪಟ್ಟು ವ್ಯತ್ಯಾಸವಿದ್ದರೂ ನೋಡುವವರಿಗೆ ಎರಡೂ ಕಡೆ ಬೆಳಕು ಚೆನ್ನಾಗಿಯೇ ಇದೆ ಅನಿಸುತ್ತದೆ.

ಕಣ್ಣಿನ ಇನ್ನೊಂದು ಮಿತಿ ಬಣ್ಣದ್ದು. ಹಸಿರು-ಹಳದಿಯನ್ನು ಅದು ಎದ್ದು ಕಾಣುವಂತೆ ಮಾಡುತ್ತದೆ, ಕಡುನೀಲಿಯನ್ನು ಮಂದವಾಗಿಸುತ್ತದೆ. ಲಕ್ಸ್ ಎಂಬ ಅಳತೆಯೂ ಮನುಷ್ಯನ ಕಣ್ಣಿಗೆ ಹೊಂದಿಸಿದ್ದು. ಕಡಲಿನ ನೀರು ಮಾಡುವ ಕೆಲಸ ಇದಕ್ಕಿಂತ ಬೇರೆ. ಬೆಳಕಿನ ಕೆಂಪು ಭಾಗವನ್ನು ಮೊದಲ ಕೆಲವು ಮೀಟರುಗಳಲ್ಲೇ ಅದು ನುಂಗಿಬಿಡುತ್ತದೆ. ಆಳಕ್ಕೆ ಇಳಿಯುವುದು ಮುಖ್ಯವಾಗಿ ನೀಲಿ. ಒಳಪಾಚಿಯ ವರ್ಣಕಗಳು ಆ ನೀಲಿಗೇ ಪಳಗಿವೆ. ಎಲೆಗಳಲ್ಲಿರುವ ಹರಿತ್ತಿನ ಜೊತೆಗೆ ಇವುಗಳಲ್ಲಿ ಪೆರಿಡಿನಿನ್ ಎಂಬ ಹೊಂಗಂದು ವರ್ಣಕವೂ ಇದ್ದು, ಹರಿತ್ತು ಕೈಬಿಡುವ ನೀಲಿ-ಹಸಿರು ಬೆಳಕನ್ನು ಅದು ಹಿಡಿಯುತ್ತದೆ. ಹವಳದ ತೊಟ್ಟಿಗಳ ಎಲ್‌ಇಡಿ ದೀಪಗಳಲ್ಲಿ 450 ನ್ಯಾನೋಮೀಟರ್ ಸುಮಾರಿನ ನೀಲಿ ಪ್ರಧಾನವಾಗಿರುವುದು ಇದಕ್ಕಾಗಿ. ಅಂಥ ದೀಪದ ಕೆಳಗೆ ತೊಟ್ಟಿ ಮಬ್ಬಾಗಿ ಕಾಣುತ್ತದೆ, ಆದರೆ ಪಾಚಿಗೆ ಅದು ಪ್ರಖರವಾದ ಹಗಲು. ಹೊಸಬರು ಮಬ್ಬೆಂದುಕೊಂಡು ದೀಪವನ್ನು ಏರಿಸುವುದೇ ಅನೇಕ ಹವಳಗಳಿಗೆ ಮುಳುವಾಗಿದೆ.

ಆದ್ದರಿಂದ ಅಳೆಯಬೇಕಾದದ್ದು ಪಾಚಿ ಉಣ್ಣಬಲ್ಲ ಬೆಳಕನ್ನು. 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಎಷ್ಟು ಬಿದ್ದವೆಂಬ ಎಣಿಕೆಯಿದು. ಸಾಕುವವರು ಇದನ್ನು ಪಾರ್ ಎನ್ನುತ್ತಾರೆ, ನಾವು ಉಣಬೆಳಕು ಎನ್ನಬಹುದು. ಉಷ್ಣವಲಯದ ನಡುಹಗಲಿನಲ್ಲಿ ಕಡಲಿನ ಮೇಲ್ಮೈಗೆ ಬೀಳುವ ಉಣಬೆಳಕು 2000 ಮೈಕ್ರೋಮೋಲ್‌ನ ಆಸುಪಾಸು. ಮಾಪಕ ದುಬಾರಿಯಾದರೂ ಒಂದು ಊರಿನ ಹವ್ಯಾಸಿಗಳು ಸೇರಿ ಒಂದನ್ನು ಕೊಂಡರೆ ಸಾಕು, ಆಗೊಮ್ಮೆ ಈಗೊಮ್ಮೆ ಬಳಸುವ ಸಾಧನವದು.

ಮಾಪಕಗಳಿಲ್ಲದ ಕಾಲದಲ್ಲೂ ಹವಳ ಸಾಕಿದವರಿದ್ದಾರೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ ತಮ್ಮ ತೊಟ್ಟಿಗಳಲ್ಲಿ ಕಡಲಿನ ಜೀವಂತ ಕಲ್ಲುಗಳನ್ನು ಜೋಡಿಸಿ, ಗಾಳಿಗುಳ್ಳೆಗಳಿಂದ ನೀರು ಕದಡುತ್ತ, ಬಿಸಿಲಿನಲ್ಲೇ ಹವಳಗಳನ್ನು ಉಳಿಸಿಕೊಂಡಿದ್ದರು. ಅವರು 1961ರಲ್ಲಿ ಬರೆದ ಲೇಖನವೇ ಇಂದಿನ ಹವಳದ ಅಕ್ವೇರಿಯಂಗಳ ಮೂಲಪಾಠ. ಅವರ ಊರು ಸಮಭಾಜಕದ ಹತ್ತಿರವಿತ್ತು, ಬಿಸಿಲು ಪುಕ್ಕಟೆ ಸಿಗುತ್ತಿತ್ತು. ಯುರೋಪಿನ ಮಬ್ಬು ಚಳಿಗಾಲಗಳಲ್ಲಿ ಅದೇ ಕೆಲಸಕ್ಕೆ ಬಲವಾದ ಮೆಟಲ್ ಹ್ಯಾಲೈಡ್ ದೀಪಗಳು ಬೇಕಾದವು.

ತೊಟ್ಟಿಯ ಮೇಲು, ನಡು, ತಳ

ಹವಳ ಕಡಲಿನಲ್ಲಿ ಎಲ್ಲಿ ಬೆಳೆಯುತ್ತಿತ್ತೋ ಅದನ್ನು ಅದರ ಆಕಾರವೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ಸಣ್ಣ ಪಾಲಿಪ್‌ಗಳು ಒತ್ತೊತ್ತಾಗಿರುವ, ಜಿಂಕೆಯ ಕೊಂಬಿನಂತೆ ಕವಲೊಡೆಯುವ ಆಕ್ರೊಪೊರಾಗಳು ಅಲೆ ಬಡಿಯುವ ಮೇಲ್ನೀರಿನವು. ತೊಟ್ಟಿಯಲ್ಲಿ ಇವುಗಳ ಜಾಗ ಕಲ್ಲುಗಳ ನೆತ್ತಿ. 250ರಿಂದ 350ರ ಉಣಬೆಳಕಿನಲ್ಲಿ ಇವು ಚೆನ್ನಾಗಿ ಬಾಳುತ್ತವೆಂಬುದು ಸಾಕುವವರ ರೂಢಿಯ ಲೆಕ್ಕ. ಹಾಳೆಯಂತೆ ಹರಡುವ ಮಾಂಟಿಪೊರಾಗಳಿಗೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಸಾಕು. ಹರಡಿಕೊಳ್ಳುವ ಆಕಾರವೇ ಮಂದ ಬೆಳಕಿಗೆ ಕೊಟ್ಟ ಉತ್ತರ. ಕೆರಿಬಿಯನ್ ಕಡಲಿನ ಆರ್ಬಿಸೆಲ್ಲಾ ಹವಳ ಮೇಲ್ನೀರಿನಲ್ಲಿ ಗುಡ್ಡೆಯಾಗಿ ಬೆಳೆಯುತ್ತದೆ, ಆಳದಲ್ಲಿ ತಟ್ಟೆಯಾಗಿ ಚಪ್ಪಟೆಯಾಗುತ್ತದೆ. ಮೇಲಿನಿಂದ ಬರುವ ಅಷ್ಟಿಷ್ಟು ಬೆಳಕನ್ನೂ ಮೈ ಚಾಚಿ ಹಿಡಿಯುವ ಉಪಾಯವದು.

ದಪ್ಪ ಮಾಂಸದ, ಉದ್ದುದ್ದ ಗ್ರಹಣಾಂಗಗಳ ಯೂಫಿಲಿಯಾಗಳಿಗೆ ನಡುಭಾಗ ಒಪ್ಪುತ್ತದೆ. ಅಂಗಡಿಗಳಲ್ಲಿ ಹ್ಯಾಮರ್, ಟಾರ್ಚ್ ಎಂದು ಮಾರುವುದು ಇವನ್ನೇ. 80ರಿಂದ 150 ಇವಕ್ಕೆ ಸಾಕು. ಗ್ರಹಣಾಂಗ ದೊಡ್ಡದಿರುವುದರಿಂದ ನೀರಿನಲ್ಲಿ ಬರುವ ತುಣುಕು ಆಹಾರವನ್ನೂ ಹಿಡಿದು ತಿನ್ನುತ್ತವೆ, ಬೆಳಕೊಂದನ್ನೇ ನೆಚ್ಚಿ ಕೂರುವುದಿಲ್ಲ. ಸಡಿಲವಾಗಿ ಮರಳಿನ ಮೇಲೆ ಬಿದ್ದುಕೊಂಡೇ ಬದುಕುವ ಟ್ರಾಕಿಫಿಲಿಯಾ ತಳಕ್ಕೇ ಸೇರಿದ್ದು. ಅದನ್ನು ಕಲ್ಲಿನ ಮೇಲೆ ಕೂರಿಸಿದರೆ ಮೃದುವಾದ ಮಾಂಸ ಕಲ್ಲಿಗೆ ತೀಡಿ ಹರಿಯುತ್ತದೆ. ಅಣಬೆಯಂಥ ಡಿಸ್ಕೊಸೋಮಾಗಳಿಗೆ 50ರ ಸುಮಾರಿನ ಬೆಳಕೂ ಹೊಂದುತ್ತದೆ.   

ಎತ್ತರವಷ್ಟೇ ಜಾಗವನ್ನು ನಿರ್ಧರಿಸುವುದಿಲ್ಲ. ಒಂದೇ ಎತ್ತರದಲ್ಲಿ ಮಟ್ಟಸವಾದ ಕಲ್ಲಿಗಿಂತ ಕಡಿದಾದ ಪಕ್ಕೆಗೆ ಬೀಳುವ ಬೆಳಕು ಬಹಳ ಕಡಿಮೆ. ದೀಪದ ನೇರ ಕೆಳಗೂ ತೊಟ್ಟಿಯ ಮೂಲೆಗೂ ಅಜಗಜಾಂತರವಿರುತ್ತದೆ. ಎರಡು ವರ್ಷದ ಮುಂದಿನ ನೆರಳನ್ನೂ ಇವತ್ತೇ ಊಹಿಸಿಕೊಳ್ಳಬೇಕು, ಏಕೆಂದರೆ ಮೇಲಿಟ್ಟ ಆಕ್ರೊಪೊರಾ ಬೆಳೆದು ಕೊಡೆಯಾಗಿ ಕೆಳಗಿನದರ ಬೆಳಕನ್ನು ಕಸಿಯುತ್ತದೆ. ಬೆಳಕು ಸರಿಯಿದೆಯೆಂದು ಎರಡು ಹವಳಗಳನ್ನು ಒತ್ತೊತ್ತಾಗಿ ಇಡುವುದೂ ಅಪಾಯ. ಗ್ಯಾಲಾಕ್ಸಿಯಾದಂಥವು ರಾತ್ರಿ ಗೇಣುದ್ದದ ಕುಟುಕುವ ಎಳೆಗಳನ್ನು ಚಾಚಿ ನೆರೆಯವರನ್ನು ಸುಡುತ್ತವೆ.

ಸೂರ್ಯನಿಗೂ ದೀಪಕ್ಕೂ ಇರುವ ಮುಖ್ಯ ವ್ಯತ್ಯಾಸ ಹೊತ್ತಿನದು. ಕಡಲಿನಲ್ಲಿ ಬೆಳಕು ಬೆಳಗ್ಗೆಯಿಂದ ಮೆಲ್ಲನೆ ಏರಿ, ನಡುಹಗಲಲ್ಲಿ ತುತ್ತತುದಿ ಮುಟ್ಟಿ, ಇಳಿಯುತ್ತದೆ. ನಡುನಡುವೆ ಮೋಡ ಬರುತ್ತದೆ. ದೀಪ ಹಾಕಿದ ಕ್ಷಣದಿಂದ ಆರಿಸುವವರೆಗೂ ಒಂದೇ ಸಮ ಉರಿಯುತ್ತದೆ. ಹಾಗಾಗಿ ಕಡಲಿನ ನಡುಹಗಲಿನ ಅಂಕಿಯನ್ನು ತೊಟ್ಟಿಗೆ ತರಬಾರದು. ಅದಕ್ಕಿಂತ ಎಷ್ಟೋ ಕಡಿಮೆ ಬೆಳಕನ್ನು ಎಂಟು ಹತ್ತು ಗಂಟೆ ಕೊಟ್ಟರೆ ದಿನದ ಪಾಲು ಭರ್ತಿಯಾಗುತ್ತದೆ. ಉಳಿದ ಹೊತ್ತು ನಿಜವಾದ ಕತ್ತಲಿರಬೇಕು. ಅನೇಕ ಹವಳಗಳು ಗ್ರಹಣಾಂಗ ಬಿಚ್ಚಿ ಬೇಟೆಯಾಡುವುದು ಆಗಲೇ.

ನೀರಿನ ಓಟ

ಬೆಳಕಿನ ಅಧ್ಯಾಯದಲ್ಲಿ ನೀರಿನ ಹರಿವಿನ ಮಾತೇಕೆ ಎನಿಸಬಹುದು. ಹವಳದ ಮೈಗೆ ಅಂಟಿದಂತೆ ಕೂದಲೆಳೆಯಷ್ಟು ತೆಳುವಾದ ನಿಂತ ನೀರಿನ ಪದರವೊಂದಿರುತ್ತದೆ. ಹಗಲಿನಲ್ಲಿ ಪಾಚಿ ಬಿಟ್ಟ ಆಮ್ಲಜನಕ ಆ ಪದರದಲ್ಲೂ ಹವಳದ ಮಾಂಸದಲ್ಲೂ ಒತ್ತಿ ತುಂಬಿಕೊಳ್ಳುತ್ತದೆ. ಒಳಪಾಚಿಯ ಕೊಪ್ಪರಿಗೆಯ ಮುಖ್ಯ ಕಿಣ್ವವಾದ ರುಬಿಸ್ಕೋ ನಮ್ಮ ಗಿಡಗಳಲ್ಲಿರುವಂಥದ್ದಲ್ಲ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಕಾಣುವ ಬೇರೆ ಮಾದರಿಯದು. ಆಮ್ಲಜನಕ ಹೆಚ್ಚಿದ್ದರೆ ಇಂಗಾಲದ ಡೈಆಕ್ಸೈಡ್ ಬದಲು ಅದನ್ನೇ ಹಿಡಿದುಕೊಂಡು ಕೆಲಸ ಕೆಡಿಸಿಕೊಳ್ಳುವ ದೌರ್ಬಲ್ಯ ಇದಕ್ಕೆ ಹೆಚ್ಚು. ನೀರು ರಭಸವಾಗಿ ಹರಿದರೆ ಪದರ ಇನ್ನಷ್ಟು ತೆಳುವಾಗಿ ಆಮ್ಲಜನಕ ಕೊಚ್ಚಿಹೋಗುತ್ತದೆ. ಕೊಪ್ಪರಿಗೆ ಸರಾಗವಾಗಿ ಕೆಲಸ ಮಾಡುತ್ತದೆ, ತುಂಬುಗೆರೆ ಮೇಲೇರುತ್ತದೆ.

ಅಂದರೆ ಒಂದು ಹವಳ ತಡೆದುಕೊಳ್ಳಬಲ್ಲ ಬೆಳಕು ಅದರ ಸುತ್ತಲಿನ ನೀರಿನ ಓಟದ ಮೇಲೂ ನಿಂತಿದೆ. ಆಕ್ರೊಪೊರಾಗೆ ನೆತ್ತಿಯ ಬೆಳಕು ಕೊಟ್ಟು ಅಲೆಯ ರಭಸ ಕೊಡದಿದ್ದರೆ ಅದರ ಊರಿನ ಅರ್ಧವನ್ನಷ್ಟೇ ಕೊಟ್ಟಂತೆ. ಯೂಫಿಲಿಯಾಗೆ ಗ್ರಹಣಾಂಗ ತೂಗಾಡುವಷ್ಟು ಹರಿವು ಬೇಕು, ಮಾಂಸ ಗೂಡಿನ ಅಂಚಿಗೆ ಒತ್ತಿ ಸೀಳುವಷ್ಟಲ್ಲ.

ಜಾಗ ಬದಲಾದಾಗ

ಕೊಪ್ಪರಿಗೆಯ ಅಳತೆ ಶಾಶ್ವತವಲ್ಲ ಎಂಬುದು ಸಾಕುವವರ ಪುಣ್ಯ. ಮಂದ ಬೆಳಕಿನಲ್ಲಿರುವ ಒಳಪಾಚಿ ತನ್ನೊಳಗೆ ಹೆಚ್ಚು ವರ್ಣಕ ತುಂಬಿಕೊಂಡು ಸಿಕ್ಕ ಬೆಳಕನ್ನೆಲ್ಲ ಬಾಚುತ್ತದೆ. ಹವಳ ಕಡುಕಂದಾಗುತ್ತದೆ. ಬೆಳಕು ಹೆಚ್ಚಿದ ಕಡೆ ವರ್ಣಕ ತಗ್ಗಿಸಿ, ಬೆಳಕು ಹೊರಗೆಸೆಯುವ ಮತ್ತು ರಿಪೇರಿ ಮಾಡುವ ವ್ಯವಸ್ಥೆಗಳನ್ನು ಬಲಪಡಿಸಿಕೊಳ್ಳುತ್ತದೆ. ಈ ಬದಲಾವಣೆಗೆ ದಿನಗಳಿಂದ ವಾರಗಳವರೆಗೆ ಬೇಕು. ತಳದಿಂದ ಒಮ್ಮೆಗೇ ಮೇಲೇರಿದ ಹವಳ ಬಿಳಿಚಿದ್ದು ಇದಕ್ಕಾಗಿ. ಮಂದ ಬೆಳಕಿಗೆಂದು ತುಂಬಿಕೊಂಡಿದ್ದ ದೊಡ್ಡ ಗಾಣ, ಸಣ್ಣ ಕೊಪ್ಪರಿಗೆ ಎರಡನ್ನೂ ಹೊತ್ತು ಅದು ಪ್ರಖರ ಬೆಳಕಿಗೆ ಹೋಯಿತು. ವಾರಕ್ಕೆ ನಾಲ್ಕು ಬೆರಳಿನಷ್ಟು ಏರಿಸುತ್ತಲೋ, ದೀಪವನ್ನೇ ಮೊದಲು ತಗ್ಗಿಸಿ ಒಂದು ತಿಂಗಳಲ್ಲಿ ಹಂತಹಂತವಾಗಿ ಹೆಚ್ಚಿಸುತ್ತಲೋ ಹೋದರೆ ಅದೇ ಹವಳ ಅದೇ ಕಲ್ಲಿನ ಮೇಲೆ ಸುಖವಾಗಿರುತ್ತದೆ. ಹಳೆಯ ದೀಪ ತೆಗೆದು ಹೊಸದು ಹಾಕಿದಾಗಲೂ ಈ ತಾಳ್ಮೆ ಬೇಕು.

ತುಸು ಬಿಳಿಚಿದೆ, ನೋಡೋಣ ಎಂದು ಸುಮ್ಮನೆ ಕಾಯುವುದು ಮಾತ್ರ ಸರಿಯಲ್ಲ. ಹವಳದ ಬಿಳಿ ಗೂಡು ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಒಂದೇ ಬೆಳಕಿನ ಕಣಕ್ಕೆ ಪಾಚಿಯ ಪದರವನ್ನು ಹಲವು ಸಲ ಹಾಯುವ ಅವಕಾಶ ಸಿಗುತ್ತದೆ. ಮಂದ ಬೆಳಕಿನಲ್ಲಿ ಇದು ಲಾಭ. ಆದರೆ ಪಾಚಿಗಳು ವಿರಳವಾದಾಗ ಒಂದಕ್ಕೊಂದು ನೆರಳಾಗುವುದು ತಪ್ಪಿ, ಉಳಿದ ಒಂದೊಂದರ ಮೇಲೂ ನೇರ ಬೆಳಕಿನ ಜೊತೆಗೆ ಚದುರಿದ ಬೆಳಕೂ ಮುಗಿಬೀಳುತ್ತದೆ. ಮೊದಲ ಪಾಚಿಗಳು ಹೋದದ್ದರಿಂದಲೇ ಮುಂದಿನವು ಹೋಗುತ್ತವೆ. ಮೆಕ್ಸಿಕೋದ ಸಂಶೋಧಕರು 2005ರಲ್ಲಿ ಅಳೆದು ತೋರಿಸಿದ ಈ ಬೆಳಕಿನ ವರ್ಧನೆಯೇ ಬಿಳಿಚುವಿಕೆ ಒಮ್ಮೆ ಶುರುವಾದರೆ ಅಷ್ಟು ವೇಗವಾಗಿ ಸಾಗುವುದಕ್ಕೆ ಒಂದು ಕಾರಣ. ಕೆಲವು ಹವಳಗಳು ಆಗ ತಾವೇ ಗುಲಾಬಿ, ನೇರಳೆ, ಹಸಿರು ಹೊಳಪಿನ ಪ್ರೋಟೀನುಗಳನ್ನು ತಯಾರಿಸಿ ಮೈಗೆ ಬಣ್ಣದ ಪರದೆ ಎಳೆದುಕೊಳ್ಳುತ್ತವೆ. ಬೆಳಕು ತಗ್ಗಿದರೆ ಪಾಚಿಗಳು ಹಿಂದಿರುಗಲಿ ಎಂಬುದೇ ಅದರ ಉದ್ದೇಶವೆಂದು 2020ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ ವಿವರಿಸಿತು. ಹಾಗಾಗಿ ಹವಳ ದಿಢೀರನೆ ತಿಳಿಯಾದ ನಿಯಾನ್ ಬಣ್ಣಕ್ಕೆ ತಿರುಗಿದಾಗ ಹಿಗ್ಗುವ ಮೊದಲು ಮಾಪಕ ಹಿಡಿದು ನೋಡುವುದು ಒಳ್ಳೆಯದು. ಕಂದಾದರೆ ಬೆಳಕು ಸಾಲದೆಂದೂ ಕೂಡಲೇ ತೀರ್ಮಾನಿಸಬಾರದು. ನೀರಿನಲ್ಲಿ ನೈಟ್ರೇಟ್ ಹೆಚ್ಚಾದರೂ ಪಾಚಿಗಳು ದಟ್ಟವಾಗಿ ಹವಳ ಕಂದಾಗುತ್ತದೆ.

ಬೆಳಕೇ ಬೇಡದವು

ಒಳಪಾಚಿಯೇ ಇಲ್ಲದ ಹವಳಗಳೂ ಇವೆ. ಉಂಗುರದಲ್ಲಿ ಧರಿಸುವ ಕೆಂಪು ಹವಳ ಮೆಡಿಟರೇನಿಯನ್ ಕಡಲಿನ ಮಬ್ಬು ಗವಿಗಳಲ್ಲೂ ಆಳದಲ್ಲೂ ಬೆಳೆಯುವಂಥದ್ದು, ತೇಲಿ ಬರುವ ಆಹಾರವನ್ನು ಹಿಡಿದೇ ಬದುಕುತ್ತದೆ. ತೊಟ್ಟಿಗಳಲ್ಲಿ ಸಾಕುವ ಟ್ಯೂಬಾಸ್ಟ್ರಿಯಾವನ್ನು ಸೂರ್ಯಹವಳ ಎನ್ನುತ್ತಾರೆ. ಆ ಹೆಸರು ಅದರ ಕಿತ್ತಳೆ ಬಣ್ಣಕ್ಕೆ ಬಂದದ್ದು, ಅದಕ್ಕೆ ಬಿಸಿಲು ಬೇಕಿಲ್ಲ. ಇದನ್ನು ಕಲ್ಲಿನ ಚಾಚಿನ ಅಡಿಯಲ್ಲಿಟ್ಟು ಪ್ರತಿ ಪಾಲಿಪ್‌ಗೂ ಆಹಾರ ಮುಟ್ಟುವಂತೆ ಉಣಿಸಬೇಕು. ಎಷ್ಟು ಒಳ್ಳೆಯ ದೀಪವಿದ್ದರೂ ಉಣಿಸದಿದ್ದರೆ ಅದು ಹಸಿವಿನಿಂದ ಸಾಯುತ್ತದೆ.

ನಮ್ಮ ಕರಾವಳಿಯಲ್ಲೂ ಹವಳದ ನೆಲೆಯನ್ನು ಬೆಳಕೇ ಗೀಟು ಹಾಕಿ ತೋರಿಸುತ್ತದೆ. ಮಳೆಗಾಲದಲ್ಲಿ ನದಿಗಳು ತರುವ ಕೆಸರಿನಿಂದ ದಡದ ಹತ್ತಿರದ ನೀರು ಬಗ್ಗಡವಾಗುತ್ತದೆ. ಹಾಗಾಗಿ ಹವಳ ನೋಡಲು ಮುಳುಗುಗಾರರು ಮುರ್ಡೇಶ್ವರದಿಂದ ದೋಣಿಯಲ್ಲಿ ದೂರದ ನೇತ್ರಾಣಿಯವರೆಗೆ ಹೋಗುತ್ತಾರೆ. ಅಲ್ಲಿಂದಾಗಲಿ, ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿಗಳಿಂದಾಗಲಿ ಒಂದು ತುಂಡನ್ನೂ ಮುರಿದು ತರುವಂತಿಲ್ಲ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಇರಬೇಕಾದದ್ದೇ ಅದು. ಹವಳ ಎಲ್ಲಿಂದ ಬಂತೆಂಬುದಕ್ಕೆ ಕಾಗದಪತ್ರ ತೋರಿಸಲಾಗದ ಮಾರಾಟಗಾರನಿಂದ ಕೊಳ್ಳಲೇಬಾರದು.

ಕಾಗದಪತ್ರ ಸರಿಯಿದ್ದು, ತೊಟ್ಟಿಯಲ್ಲೇ ಬೆಳೆಸಿದ ತುಂಡೆಂದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಈ ತುಂಡು ಇಷ್ಟು ದಿನ ಯಾವ ದೀಪದ ಕೆಳಗೆ, ನೀರಿನ ಮಟ್ಟದಿಂದ ಎಷ್ಟು ಕೆಳಗಿತ್ತು, ದಿನಕ್ಕೆ ಎಷ್ಟು ಗಂಟೆ ದೀಪ ಉರಿಯುತ್ತಿತ್ತು, ಪಂಪು ಎಷ್ಟು ದೂರದಲ್ಲಿತ್ತು? ಜಾತಿಯ ಹೆಸರಿಗಿಂತ ಈ ಉತ್ತರಗಳೇ ಹೆಚ್ಚು ಉಪಯುಕ್ತ, ಏಕೆಂದರೆ ಆ ತುಂಡಿನ ಒಳಪಾಚಿ ಸದ್ಯಕ್ಕೆ ಹೊಂದಿಕೊಂಡಿರುವುದು ಆ ಬೆಳಕಿಗೆ. ಮನೆಯ ತೊಟ್ಟಿಯಲ್ಲಿ ಅದಕ್ಕೆ ಸಮನಾದ ಅಥವಾ ತುಸು ಕಡಿಮೆ ಬೆಳಕಿನ ಜಾಗವನ್ನು ಮಾಪಕದಿಂದ ಗುರುತಿಸಿ ಮೊದಲು ಅಲ್ಲಿಡಬೇಕು. ಅಂಟು ಹಾಕುವುದನ್ನು ಒಂದೆರಡು ವಾರ ಮುಂದೂಡ­ಬಹುದು.